ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದರೆ ಸಾಕೇ?

ಉದಯಗಿರಿಯ ಒಂದು ಮನೆ ಅಂದುಕೊಳ್ಳಿ. 68 ವರ್ಷದ ಅತ್ತೆಗೆ ರಾತ್ರಿ ತಲೆಸುತ್ತು ಬಂತು. ಆಸ್ಪತ್ರೆಗೆ ಸೇರಿಸಿ, ಡ್ರಿಪ್ ಹಾಕಿಸಿ, ಬೆಳಿಗ್ಗೆಯೇ ಮನೆಗೆ ಕರೆತಂದಿರಿ. ಆದರೆ ವಿಮೆ ಹಣ ಬರಲಿಲ್ಲ! ಯಾಕೆ ಗೊತ್ತಾ?

ಸಾಮಾನ್ಯವಾಗಿ ಕನಿಷ್ಠ 24 ಗಂಟೆ ಒಳರೋಗಿಯಾಗಿದ್ದರೆ ಮಾತ್ರ ಕ್ಲೇಮು ಸಿಗುತ್ತದೆ. ಕಣ್ಣಿನ ಪೊರೆ ಆಪರೇಷನ್, ಡಯಾಲಿಸಿಸ್‌ನಂಥ 'ಡೇ ಕೇರ್' ಚಿಕಿತ್ಸೆಗಳಿಗೆ ವಿನಾಯಿತಿ ಇದೆ. ಹಾಗಂತ ಹಣಕ್ಕಾಗಿಯೇ ಒಂದು ದಿನ ಹೆಚ್ಚು ಮಲಗಿಸಬೇಡಿ. ಬರೀ ಪರೀಕ್ಷೆಗಳಿಗೆಂದು ಅಡ್ಮಿಟ್ ಆದರೂ ಕ್ಲೇಮು ತಿರಸ್ಕೃತವಾಗಬಹುದು.

ವಯಸ್ಸಿನ ಲೆಕ್ಕವೂ ಉಂಟು. ಹಿರಿಯರ ಹಲವು ಪಾಲಿಸಿಗಳಲ್ಲಿ ಬಿಲ್ಲಿನ ಒಂದು ಪಾಲು ನಮ್ಮದೇ. ಅದು ಶೇ. 20 ಇದ್ದರೆ, ಲಕ್ಷ ರೂಪಾಯಿಗೆ 20 ಸಾವಿರ ನಾವೇ ಕಟ್ಟಬೇಕು. ಮೊದಲೇ ಇದ್ದ ಬಿಪಿ, ಶುಗರ್‌ಗೆ ಕಾಯುವ ಅವಧಿ ಇರುತ್ತದೆ. 2024ರ ಏಪ್ರಿಲ್‌ನಿಂದ ಅದು ಗರಿಷ್ಠ 3 ವರ್ಷ.

ನೆನಪಿಡಿ:

* ಪಾಲಿಸಿ ಮಾಡಿಸುವಾಗ ಕಾಯಿಲೆ ಮುಚ್ಚಿಡಬೇಡಿ. ಮುಂದೆ ಕ್ಲೇಮಿಗೇ ಕುತ್ತು.
* ಡಿಸ್ಚಾರ್ಜ್ ಸಮ್ಮರಿಯಲ್ಲಿ ಸೇರಿದ, ಬಿಟ್ಟ ದಿನಾಂಕ, ಸಮಯ ಸರಿಯಾಗಿದೆಯೇ ನೋಡಿ.
* ರೂಮ್ ಬಾಡಿಗೆಯ ಮಿತಿ ಮೊದಲೇ ಕೇಳಿಕೊಳ್ಳಿ.
* ಹಣ ನಿರಾಕರಿಸಿದರೆ ಕಾರಣ ಬರಹದಲ್ಲಿ ಕೇಳಿ, ಕಂಪನಿಗೆ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಿರಿ. ಶುಲ್ಕವಿಲ್ಲ.

ಇವತ್ತೇ ಬೀರುವಿನಿಂದ ಪಾಲಿಸಿ ತೆಗೆದು ಒಮ್ಮೆ ಓದಿ ನೋಡಿ.