ಹಿಮನಾಡಿನ ನಾಯಿಬಂಡಿಗಳ ಓಟ

ಓಟದ ಪಂದ್ಯವೆಂದೊಡನೆ ವೇಗದ ವಿಚಾರವೇ ಮೊದಲು ಮನಸ್ಸಿಗೆ ಬರುವುದು ಸಹಜ. ಆದರೆ ವೇಗದಷ್ಟೇ ವಿಶ್ರಾಂತಿಗೂ ಬೆಲೆಯುಳ್ಳ ಪಂದ್ಯವೊಂದು ಉತ್ತರ ಅಮೆರಿಕದ ವಾಯವ್ಯ ಮೂಲೆಯ ಅಲಾಸ್ಕಾ ಪ್ರಾಂತದಲ್ಲಿ ವರ್ಷಂಪ್ರತಿ ಮಾರ್ಚ್ ತಿಂಗಳಲ್ಲಿ ನಡೆಯುತ್ತದೆ. ಅದರ ಹೆಸರು ಇಡಿಟರಾಡ್. ಒಬ್ಬೊಬ್ಬ ಸಾರಥಿಯೂ ಹದಿನಾರಕ್ಕೆ ಮೀರದಷ್ಟು ನಾಯಿಗಳನ್ನು ಜಾರುಬಂಡಿಗೆ ಹೂಡಿ, ಸುಮಾರು 1,000 ಮೈಲುಗಳ ಹಿಮದ ಹಾದಿಯನ್ನು ಕ್ರಮಿಸಿ, ಬೇರಿಂಗ್ ಸಮುದ್ರದ ದಡದಲ್ಲಿರುವ ನೋಮ್ ಪಟ್ಟಣವನ್ನು ಸೇರಬೇಕು.

ವಿಮಾನಗಳು ಬರುವುದಕ್ಕೆ ಮೊದಲು ಆ ನಾಡಿನಲ್ಲಿ ಚಳಿಗಾಲದ ಅಂಚೆಯೂ ಸರಕೂ ನಾಯಿಬಂಡಿಗಳಲ್ಲಿಯೇ ಸಾಗುತ್ತಿದ್ದವು. 1925ರಲ್ಲಿ ನೋಮ್ ಪಟ್ಟಣದ ಮಕ್ಕಳಿಗೆ ಡಿಫ್ತೀರಿಯಾ ಎಂಬ ಗಂಟಲ ರೋಗವು ತಗುಲಿದಾಗ, ನೆನಾನಾ ರೈಲು ನಿಲ್ದಾಣದಿಂದ 674 ಮೈಲು ದೂರಕ್ಕೆ 20 ಮಂದಿ ಸಾರಥಿಗಳು ಒಬ್ಬರ ಕೈಯಿಂದ ಒಬ್ಬರ ಕೈಗೆ ಮದ್ದನ್ನು ದಾಟಿಸುತ್ತ ಐದೂವರೆ ದಿನಗಳಲ್ಲಿ ತಲುಪಿಸಿದರು. ಮುಂದೆ ಯಂತ್ರದ ಹಿಮವಾಹನಗಳು ಬಂದು ನಾಯಿಬಂಡಿಗಳು ಮರೆಯಾಗತೊಡಗಿದವು. ಈ ವಿದ್ಯೆಯು ಅಳಿಯಬಾರದೆಂದು ಜೋ ರೆಡಿಂಗ್ಟನ್ ಮೊದಲಾದವರು ಶ್ರಮಿಸಿದುದರಿಂದ 1973ರಲ್ಲಿ ನೋಮ್‌ವರೆಗಿನ ಮೊದಲ ಪಂದ್ಯವು ನಡೆಯಿತು.

ಹಾದಿಯು ಎಲ್ಲೆಡೆಯೂ ಒಂದೇ ಬಗೆಯದಲ್ಲ. ಮೊದಲು ಹೆಪ್ಪುಗಟ್ಟಿದ ನದಿಗಳ ಮೇಲಿನ ಸಮತಟ್ಟಾದ ದಾರಿ. ಬಳಿಕ ಅಲಾಸ್ಕಾ ಪರ್ವತಶ್ರೇಣಿ. ರೇನಿ ಪಾಸ್ ಎಂಬ ಕಣಿವೆಯಲ್ಲಿ 3,000 ಅಡಿಗೂ ಮೇಲೇರಿದ ಬಂಡಿಯು ಡಾಲ್ಜೆಲ್ ಎಂಬ ಇಕ್ಕಟ್ಟಾದ ಕಮರಿಯಲ್ಲಿ ಥಟ್ಟನೆ ಇಳಿಯಬೇಕು. ಅಲ್ಲಿ ಹಿಮವು ಸಾಲದಿದ್ದರೆ ಕಲ್ಲು, ಮರದ ಬೊಡ್ಡೆ, ನುಣುಪಾದ ಮಂಜುಗಡ್ಡೆಗಳ ಮೇಲೆ ಬಂಡಿಯು ಹತೋಟಿ ತಪ್ಪುತ್ತದೆ. 2014ರಲ್ಲಿ ಹೀಗೆಯೇ ಆಗಿ ಹಲವರ ಬಂಡಿಗಳು ಮುರಿದವು, ಕೆಲವರಿಗೆ ಗಾಯಗಳಾದವು. ನದಿಗಳಲ್ಲಿ ಇನ್ನೊಂದು ಅಪಾಯವುಂಟು. ಮಂಜುಗಡ್ಡೆಯ ಬಿರುಕಿನಿಂದ ಮೇಲಕ್ಕೆ ಉಕ್ಕಿದ ನೀರು ಹಿಮದ ಹೊದಿಕೆಯ ಕೆಳಗೆ ಕಾಣದಂತೆ ನಿಂತಿರುತ್ತದೆ. ಅದರಲ್ಲಿ ಕಾಲಿಟ್ಟು ನೆನೆದವನು ಕೂಡಲೇ ಒಣಗಿಸಿಕೊಳ್ಳದಿದ್ದರೆ ಬೆರಳುಗಳನ್ನೇ ಕಳೆದುಕೊಳ್ಳಬಹುದು. ಯೂಕಾನ್ ಮಹಾನದಿಯನ್ನು ಬಿಟ್ಟು ಕರಾವಳಿಯನ್ನು ಸೇರಿದ ಮೇಲೆ ಗಾಳಿಯದೇ ರಾಜ್ಯ. ಶಾಕ್ಟೂಲಿಕ್‌ನಿಂದ ಕೊಯುಕ್‌ವರೆಗೆ ಸುಮಾರು 50 ಮೈಲು ದಾರಿಯಲ್ಲಿ ಬಹುಭಾಗ ಹೆಪ್ಪುಗಟ್ಟಿದ ಕಡಲ ಮೇಲೆಯೇ ಸಾಗಬೇಕು. ಗಾಳಿಗೆ ಮರೆಯಾಗಬಲ್ಲ ಒಂದು ಗಿಡವೂ ಅಲ್ಲಿ ಇಲ್ಲ.

ಇಂತಹ ಹಾದಿಯುದ್ದಕ್ಕೂ ಇಪ್ಪತ್ತಕ್ಕೂ ಮೇಲ್ಪಟ್ಟು ತಂಗುದಾಣಗಳಿವೆ. ಕೆಲವು ಹಳ್ಳಿಗಳು, ರೋನ್‌ನಂತಹ ಕೆಲವು ಕಾಡಿನ ನಡುವಣ ಒಂಟಿ ಗುಡಿಸಲುಗಳು. ಸಾರಥಿಗಳ ಆಹಾರದ ಚೀಲಗಳನ್ನೂ ನಾಯಿಗಳಿಗೆ ಹಾಸಲು ಒಣಹುಲ್ಲನ್ನೂ ವಿಮಾನಗಳಲ್ಲಿ ಮುಂಚಿತವಾಗಿಯೇ ಇಲ್ಲಿಗೆ ಸಾಗಿಸಿರುತ್ತಾರೆ. ತಂಗುದಾಣವನ್ನು ಸೇರಿದ ಸಾರಥಿಗೆ ವಿಶ್ರಾಂತಿಯು ಕೊನೆಯ ಮಾತು. ಮೊದಲು ಹುಲ್ಲು ಹಾಸಬೇಕು, ನಾಯಿಗಳ ಪಾದಗಳಿಗೆ ತೊಡಿಸಿದ ಬಟ್ಟೆಯ ಚೀಲಗಳನ್ನು ಬಿಚ್ಚಬೇಕು, ಹಿಮವನ್ನು ಕರಗಿಸಿ ಬಿಸಿ ಆಹಾರವನ್ನು ಸಿದ್ಧಪಡಿಸಬೇಕು, ಒಂದೊಂದು ಪಾದವನ್ನೂ ಪರೀಕ್ಷಿಸಿ ಮುಲಾಮು ಹಚ್ಚಬೇಕು. ನಾಯಿಗಳೆಲ್ಲ ಉಂಡು ಮಲಗಿದ ಬಳಿಕವೇ ಅವನ ಊಟ, ನಿದ್ರೆ. ಪಶುವೈದ್ಯರು ನಾಯಿಗಳನ್ನು ಪರೀಕ್ಷಿಸುತ್ತಾರೆ. ಬಳಲಿದ ನಾಯಿಯನ್ನು ಅಲ್ಲಿಯೇ ಬಿಡಬಹುದು. ಸ್ವಯಂಸೇವಕರಾದ ವಿಮಾನಚಾಲಕರು ಅದನ್ನು ಹಿಂದಕ್ಕೆ ಒಯ್ಯುತ್ತಾರೆ. ಆದರೆ ಬಿಟ್ಟ ನಾಯಿಗೆ ಬದಲಾಗಿ ಬೇರೊಂದನ್ನು ಹೂಡುವಂತಿಲ್ಲ.

ಗೆಲ್ಲುವ ಆತುರದಲ್ಲಿ ಮೂಕಪ್ರಾಣಿಗಳನ್ನು ಮಿತಿಮೀರಿ ದುಡಿಸಬಾರದೆಂದು ಪಂದ್ಯದ ನಿಯಮಗಳೇ ಮೂರು ವಿಶ್ರಾಂತಿಗಳನ್ನು ವಿಧಿಸಿವೆ: ಸಾರಥಿಯು ಆರಿಸಿಕೊಂಡ ತಂಗುದಾಣದಲ್ಲಿ 24 ಗಂಟೆಗಳು, ಯೂಕಾನ್ ನದಿಯ ಮೇಲಿನ ಒಂದೆಡೆ 8 ಗಂಟೆಗಳು, ನೋಮ್‌ಗೆ 77 ಮೈಲು ಈಚೆಗಿರುವ ವೈಟ್ ಮೌಂಟನ್‌ನಲ್ಲಿ ಮತ್ತೆ 8 ಗಂಟೆಗಳು. ಇಷ್ಟಾದರೂ ಈ ಪಂದ್ಯದಲ್ಲಿ ನಾಯಿಗಳು ಸತ್ತದ್ದುಂಟು. ಆದುದರಿಂದ ಪ್ರಾಣಿದಯಾಪರರು ಪಂದ್ಯವನ್ನೇ ಆಕ್ಷೇಪಿಸುತ್ತಾರೆ. ಆ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ನಿಯಮದ ವಿಶ್ರಾಂತಿಯ ಹೊರತು ಎಲ್ಲಿ ನಿಲ್ಲಬೇಕು, ಎಲ್ಲಿ ಹೊರಡಬೇಕು ಎಂಬುದು ಸಾರಥಿಯ ವಿವೇಕಕ್ಕೆ ಬಿಟ್ಟುದು. 2014ರ ಪಂದ್ಯದ ಕೊನೆಯ ರಾತ್ರಿಯನ್ನೇ ನೋಡಬಹುದು. ಎಲ್ಲರಿಗಿಂತ ಮುಂದಿದ್ದ ಜೆಫ್ ಕಿಂಗ್, ಕೊನೆಯ ತಂಗುದಾಣವಾದ ಸೇಫ್ಟಿಯ ಸಮೀಪದಲ್ಲಿ ಬಿರುಗಾಳಿಗೆ ಸಿಲುಕಿ ಪಂದ್ಯವನ್ನೇ ಬಿಡಬೇಕಾಯಿತು. ಎರಡನೆಯವರಾದ ಆಲಿ ಜರ್ಕಲ್ ಸೇಫ್ಟಿಯಲ್ಲಿ ಗಾಳಿಯು ತಗ್ಗಲೆಂದು ಎರಡು ಗಂಟೆಗೂ ಹೆಚ್ಚು ಕಾದರು. ಅಷ್ಟರಲ್ಲಿ ಡಲ್ಲಾಸ್ ಸೀವಿ ಅವರನ್ನು ದಾಟಿ ಹೋಗಿ, ಎರಡೂವರೆ ನಿಮಿಷಕ್ಕೂ ಕಡಿಮೆ ಅಂತರದಿಂದ ಗೆದ್ದರು. ತಾವು ಗೆದ್ದೆವೆಂಬುದು ಅವರಿಗೆ ತಿಳಿದದ್ದು ನೋಮ್ ಸೇರಿದ ಮೇಲೆಯೇ! ನಿಂತವರಿಗೆ ಪದವಿ ತಪ್ಪಿತು. ಆದರೆ ಅವರೂ ಅವರ ನಾಯಿಗಳೂ ಕ್ಷೇಮವಾಗಿ ಊರು ಸೇರಿದರು.

ಈಚೆಗೆ ಹಾದಿಗೇ ಕುತ್ತು ಬಂದಿದೆ. ದಕ್ಷಿಣದ ದಾರಿಯಲ್ಲಿ ಹಿಮವು ಸಾಲದೆ 2003, 2015, 2017 ಮತ್ತು 2025ರಲ್ಲಿ ಪಂದ್ಯವನ್ನು ಉತ್ತರದ ಫೇರ್‌ಬ್ಯಾಂಕ್ಸ್ ಪಟ್ಟಣದಿಂದ ಪ್ರಾರಂಭಿಸಬೇಕಾಯಿತು. 2016ರಲ್ಲಿ ಆಂಕರೇಜ್ ನಗರದ ಉದ್ಘಾಟನೆಯ ಮೆರವಣಿಗೆಗೆ ರೈಲಿನಲ್ಲಿ ಹಿಮವನ್ನು ತರಿಸಿದರು. ಹಿಮನಾಡಿಗೇ ಹಿಮವನ್ನು ಹೊತ್ತು ತರುವ ಕಾಲವು ಬಂದಿತೆಂದರೆ ಅದು ಚಿಂತಿಸತಕ್ಕ ವಿಷಯ.

ಹಿಂದಿನ ಕಾಲದಲ್ಲಿ ಹಾದಿಯಲ್ಲಿ ಸಾರಥಿಯೊಬ್ಬನಿರುವನೆಂದು ತಿಳಿದರೆ, ಅವನು ಬಂದು ಸೇರುವವರೆಗೆ ತಂಗುಮನೆಯ ಹೊರಗೆ ದೀಪವನ್ನು ತೂಗುಹಾಕುತ್ತಿದ್ದರು. ಅದರ ನೆನಪಿಗಾಗಿ ಇಂದಿಗೂ ನೋಮ್‌ನಲ್ಲಿ ಪಂದ್ಯದುದ್ದಕ್ಕೂ ಒಂದು ದೀಪವು ಉರಿಯುತ್ತಿರುತ್ತದೆ. ಗೆದ್ದವನು ಬಂದನೆಂದು ಅದನ್ನು ಆರಿಸುವುದಿಲ್ಲ. ಎಲ್ಲರಿಗಿಂತ ಹಿಂದೆ ಬಿದ್ದವನು ತನ್ನ ನಾಯಿಗಳೊಡನೆ ಊರನ್ನು ಸೇರಿದ ಮೇಲೆಯೇ ಆ ದೀಪವನ್ನು ಆರಿಸುವರು.