ಹಳೆಯ ಬೈಕಿಗೆ ಫೋರ್ಕ್ ಬ್ರೇಸ್: ಕೂರಿಸುವ ಮುನ್ನ, ಕೂರಿಸುವಾಗ

ಫೋರ್ಕ್ ಬ್ರೇಸ್ ಅಂದರೆ ಅಲ್ಯೂಮಿನಿಯಂನ ಒಂದು ಚಿಕ್ಕ ಕಮಾನು. ಮುಂದಿನ ಚಕ್ರದ ಮೇಲೆ, ಎರಡು ಶಾಕ್‌ಗಳನ್ನು ಅಡ್ಡಲಾಗಿ ಜೋಡಿಸುತ್ತದೆ. ಕಂಪನಿಯಿಂದ ಬರುವುದಲ್ಲ, ನಾವೇ ತರಿಸಿ ಹಾಕುವುದು. ನಮ್ಮ ಮಾಮು ತಮ್ಮ ರಾಜದೂತ್ 350ಕ್ಕೆ ಒಂದನ್ನು ಹಾಕಿದರು. ನನಗೆ ಹದಿನೇಳು, ಗೇರ್ ಬೈಕಿನ ಲೈಸೆನ್ಸಿಗೆ ಹದಿನೆಂಟು ತುಂಬಬೇಕು. ಆದ್ದರಿಂದ ಓಡಿಸುವವರು ಅವರು, ಪಾನಾ ಹಿಡಿದು ಪಕ್ಕದಲ್ಲಿ ಕೂರುವವನು ನಾನು. "ಅದನ್ನು ಹಾಕಿದರೆ ಬೈಕ್ ಅಲುಗಾಡೋದು ನಿಲ್ಲುತ್ತಾ?" ಎಂದು ಕ್ಲಾಸಿನಲ್ಲಿ ಕೆಲವರು ಕೇಳಿದ್ದರು. ಉತ್ತರ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ.

ಸೈಕಲ್ಲಿನ ಮುಂದಿನ ಫೋರ್ಕಿಗೆ ನಮ್ಮ ಮನೆಯಲ್ಲಿ ಚಿಮ್ಟಾ ಅನ್ನುತ್ತಾರೆ, ಅಂದರೆ ಇಕ್ಕಳ. ರೊಟ್ಟಿ ತಿರುವುವ ಇಕ್ಕಳವನ್ನು ನೆನಪಿಸಿಕೊಳ್ಳಿ. ಮೇಲೆ ಗಟ್ಟಿಯಾಗಿ ಕೂಡಿರುತ್ತದೆ, ಕೆಳಗೆ ಎರಡೂ ಕಾಲು ಬಿಡಿ. ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಳ್ಳಿದರೆ ಸುಲಭವಾಗಿ ತಿರುಚಿಕೊಳ್ಳುತ್ತದೆ. ಬೈಕಿನಲ್ಲಿ ಒಳಗಿನ ಎರಡು ಪೈಪುಗಳನ್ನು ಮೇಲಿನ ಟಿ, ಕೆಳಗಿನ ಟಿ ಭದ್ರವಾಗಿ ಹಿಡಿದಿರುತ್ತವೆ. ಪೈಪಿನ ಮೇಲೆ ಏರಿಳಿಯುವ ಹೊರಗಿನ ಕೇಸುಗಳನ್ನು ಮಾತ್ರ ಹಿಡಿದಿರುವುದು ಕೆಳಗೆ ಆಕ್ಸಲ್, ಮೇಲೆ ಮಡ್‌ಗಾರ್ಡಿನ ಪಟ್ಟಿ. ಮಡ್‌ಗಾರ್ಡ್ ಕಿತ್ತು ಮೂಲೆಗೆ ಎಸೆದು 'ಸ್ಟೈಲ್' ಮಾಡುವವರು ಇದ್ದ ಒಂದು ಆಸರೆಯನ್ನೂ ಎಸೆದಂತೆ.

ರಾಜದೂತ್ 350 ಮೂಲತಃ ಯಮಹಾ ಆರ್‌ಡಿ 350. ಎಸ್ಕಾರ್ಟ್ಸ್ ಅದನ್ನು ಇಲ್ಲಿ ತಯಾರಿಸಿದಾಗ ಮುಂದಿನ ಡಿಸ್ಕ್ ಬ್ರೇಕಿನ ಬದಲು ಡ್ರಮ್ ಬಂತು. ಡ್ರಮ್ಮಿನ ಪ್ಲೇಟು ಒಂದೇ ಬದಿಯ ಕೇಸಿಗೆ ಆತುಕೊಂಡಿರುತ್ತದೆ. ಜೋರಾಗಿ ಬ್ರೇಕ್ ಹಿಡಿದಾಗ ಆ ಬಲವೆಲ್ಲ ಒಂದು ಕಾಲಿಗೆ ಬೀಳುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಬ್ರೇಸ್ ಬೇಕಾಗುವುದು ಇಲ್ಲೇ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಇರುವವರಿಗೂ ಇದೇ ಲೆಕ್ಕ.

ಲೆಕ್ಕ ಅಂದಮೇಲೆ ಒಂದು ಲೆಕ್ಕ ಮಾಡಿಯೇ ಬಿಡೋಣ. ಆರ್‌ಡಿಯ ಫೋರ್ಕ್ ಪೈಪಿನ ದಪ್ಪ 34 ಮಿ.ಮೀ., ಇಂದಿನ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರಿನದು 41. ವ್ಯತ್ಯಾಸ ಏಳೇ ಮಿ.ಮೀ. ಆದರೆ ಪೈಪಿನ ಬಿಗಿತ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 41ನ್ನು 34ರಿಂದ ಭಾಗಿಸಿ, ಬಂದದ್ದನ್ನು ನಾಲ್ಕು ಸಲ ಗುಣಿಸಿ: 2.1. ಪೈಪಿನ ಗೋಡೆಯೂ ಅದೇ ಅನುಪಾತದಲ್ಲಿದ್ದರೆ ಹೊಸದು ಎರಡು ಪಟ್ಟಿಗಿಂತ ಹೆಚ್ಚು ಗಟ್ಟಿ.

ಹಾಗೆಂದು ಬ್ರೇಸ್ ಸವೆದದ್ದಕ್ಕೆ ಔಷಧಿಯಲ್ಲ. ಮೊದಲು ಮುಂದಿನ ಚಕ್ರ ಎತ್ತಿ ನಿಲ್ಲಿಸಿ, ಕೇಸುಗಳ ಕೆಳತುದಿ ಹಿಡಿದು ಹಿಂದೆ ಮುಂದೆ ಅಲುಗಿಸಬೇಕು. 'ಟಕ್' ಅಂದರೆ ಇನ್ನೊಬ್ಬರು ಬೆರಳಿಟ್ಟು ನೋಡಬೇಕು: ಹ್ಯಾಂಡಲ್ಲಿನ ಕುತ್ತಿಗೆಯಲ್ಲಿ ಅಲುಗಿದರೆ ಕೋನ್ ಸೆಟ್, ಕೇಸು ಪೈಪು ಸೇರುವಲ್ಲಿ ಅಲುಗಿದರೆ ಅಲ್ಲಿನ ಸವೆತ. ಆಮೇಲೆ ಮಡ್‌ಗಾರ್ಡ್ ಬಿಚ್ಚಿ, ಕೆಳಗಿನ ಟಿ ಅಡಿಯಲ್ಲಿ ಕಾಣುವ ಎರಡೂ ಪೈಪುಗಳ ಮೇಲೆ ಒಂದು ಗಾಜಿನ ತುಂಡನ್ನು ಅಡ್ಡ ಒತ್ತಿ ಹಿಡಿಯಬೇಕು. ಗಾಜು ಕುಂಟಿದರೆ ಪೈಪುಗಳು ಸಮಾನಾಂತರವಾಗಿಲ್ಲ ಎಂದರ್ಥ. ಬಾಗಿದ ಫೋರ್ಕಿಗೆ ಬ್ರೇಸ್ ಬಿಗಿದರೆ ಅದು ಸಲೀಸಾಗಿ ಏರಿಳಿಯದೆ ಹಿಡಿದುಕೊಳ್ಳುತ್ತದೆ. ಇದ್ದದ್ದಕ್ಕಿಂತ ಅಪಾಯ. ಆ ಸೀಟಿನ ಹಿಂದೆ ಎಷ್ಟೋ ಸಲ ನಮ್ಮ ನಾನಿ ಕೂತಿರುತ್ತಾರೆ, ಆದ್ದರಿಂದ ಈ ಪರೀಕ್ಷೆಗೇ ನಾವು ಅರ್ಧ ಭಾನುವಾರ ಕೊಟ್ಟೆವು. ಕೈಯಲ್ಲಿರುವ ದುಡ್ಡು ಸ್ವಲ್ಪವೇ ಆದರೆ ಫೋರ್ಕ್ ಆಯಿಲ್, ಸೀಲ್, ಕೋನ್ ಸೆಟ್, ಟೈರ್ ಮೊದಲು, ಬ್ರೇಸ್ ಕೊನೆಗೆ. ಕಾಮರ್ಸ್ ವಿದ್ಯಾರ್ಥಿಯ ಸಲಹೆ ಇದು.

ಇನ್ನು ಕೂರಿಸುವುದು. ನಮ್ಮದು ಮಡ್‌ಗಾರ್ಡಿನ ಬೋಲ್ಟುಗಳ ಜಾಗದಲ್ಲೇ ಕೂರುವಂಥದು. ಕೇಸನ್ನು ಸುತ್ತಿ ಹಿಡಿಯುವ ಕ್ಲಾಂಪಿನ ಬಗೆಯೂ ಇದೆ, ಅದನ್ನು ಅತಿಯಾಗಿ ಬಿಗಿದರೆ ಕೇಸು ಅಮುಕುತ್ತದೆ. ಚಕ್ರ ನೆಲ ಬಿಟ್ಟಿರುವಾಗಲೇ ಫೋರ್ಕಿನ ಮೇಲಿನ ಮುಚ್ಚಳ ಬಿಚ್ಚಿ ಸ್ಪ್ರಿಂಗುಗಳನ್ನು ಹೊರತೆಗೆಯಬೇಕು. ಬಿಚ್ಚುವಾಗ ಮುಖ ದೂರವಿರಲಿ, ಸ್ಪ್ರಿಂಗ್ ಚಿಮ್ಮುತ್ತದೆ. ಈಗ ಚಕ್ರವನ್ನು ಕೈಯಿಂದಲೇ ಪೂರ್ತಿ ಮೇಲಕ್ಕೆತ್ತಿ ಇಳಿಸಬಹುದು. ಆಕ್ಸಲ್ ಹಿಡಿದಿರುವ ಕ್ಲಾಂಪಿನ ನಟ್ಟು ಸಡಿಲಿಸಿ ನಾಲ್ಕಾರು ಸಲ ಎತ್ತಿ ಇಳಿಸಿದರೆ ಎರಡೂ ಕಾಲುಗಳು ತಮ್ಮ ಅಂತರವನ್ನು ತಾವೇ ಕಂಡುಕೊಳ್ಳುತ್ತವೆ.

ಆಮೇಲೆ ಬ್ರೇಸ್ ಇಟ್ಟು ಬೋಲ್ಟುಗಳನ್ನು ಬರಿಗೈಯಲ್ಲಿ ತಿರುಗಿಸಬೇಕು. ಬ್ರೇಸಿಗೂ ಕೇಸಿಗೂ ನಡುವೆ ಸಂದು ಉಳಿದರೆ ತೆಳುವಾದ ವಾಷರ್ ಸೇರಿಸಬೇಕೇ ಹೊರತು ಬೋಲ್ಟಿನಿಂದ ಎಳೆದು ಕೂರಿಸಬಾರದು. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ ಎಂದು ನನ್ನ ಅಭಿಪ್ರಾಯ. ಎಡ ಬಲ ಸ್ವಲ್ಪ ಸ್ವಲ್ಪವೇ ಬಿಗಿದು ಮತ್ತೆ ಚಕ್ರ ಎತ್ತಿ ನೋಡಬೇಕು. ಮೊದಲಿನಷ್ಟೇ ಹಗುರವಾಗಿ ಏರಬೇಕು. ಪೂರ್ತಿ ಮೇಲೆ ಹೋದಾಗ ಬ್ರೇಸ್ ಕೆಳಗಿನ ಟಿಗೆ ತಾಗಬಾರದು, ಕೆಳಗೆ ಟೈರಿಗೂ ಸಾಕಷ್ಟು ಜಾಗವಿರಬೇಕು; ಮಳೆಗಾಲದ ಕೆಸರೂ ಅಲ್ಲೇ ಹೋಗಬೇಕಲ್ಲ. ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ಬ್ರೇಕ್ ಕೇಬಲ್ಲು, ಮೀಟರ್ ಕೇಬಲ್ಲು ಉಜ್ಜುತ್ತವೆಯೇ ನೋಡಬೇಕು. ಸ್ಪ್ರಿಂಗ್ ಹಾಕಿ, ಬೈಕ್ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಒತ್ತಿ ಬಿಟ್ಟು ಮಾಡಿದ ಮೇಲೆ ಆಕ್ಸಲ್ ಕ್ಲಾಂಪ್ ಬಿಗಿಯುವುದು ಕೊನೆಯ ಕೆಲಸ.

ಪೇಟೆಯ ನಿಧಾನ ಓಟದಲ್ಲಿ ಏನೂ ಗೊತ್ತಾಗುವುದಿಲ್ಲ. ಗುಂಡಿಗಳಿರುವ ತಿರುವಿನಲ್ಲಿ, ಜೋರು ಬ್ರೇಕಿನಲ್ಲಿ ಹ್ಯಾಂಡಲ್ ಕೈಯಿಂದ ತಿರುಚಿಕೊಳ್ಳುವುದು ಕಡಿಮೆಯಾಯಿತು ಎಂದು ಮಾಮು ಹೇಳಿದರು. ಬ್ರೇಕೇನೂ ಬಲವಾಗಲಿಲ್ಲ, ಡ್ರಮ್ ಡ್ರಮ್ಮೇ. ನೂರು ಕಿ.ಮೀ. ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ನೋಡಬೇಕು, ಬಿಗಿಯಾಗಿದ್ದರೆ ಹಾಗೇ ಬಿಡಬೇಕು. ಅಲ್ಯೂಮಿನಿಯಂನಲ್ಲಿ ಮರೆ ಹೋದರೆ ಲೇತ್ ಅಂಗಡಿಗೆ ಓಡಬೇಕಾಗುತ್ತದೆ.