ಹದಿನಾರು ಮತಕ್ಕೆ ಕೈತಪ್ಪಿದ ದೇಶ

ತೊಕೆಲಾವ್‌ಗೆ ವಿಮಾನವಿಲ್ಲ, ಹಡಗುಕಟ್ಟೆಯೂ ಇಲ್ಲ. ಸಮೋವಾದ ಆಪಿಯಾದಲ್ಲಿ ಹಡಗು ಹತ್ತಿ ಪೆಸಿಫಿಕ್ ಸಾಗರದಲ್ಲಿ ಉತ್ತರಕ್ಕೆ ಸುಮಾರು 500 ಕಿ.ಮೀ. ಹೋಗಬೇಕು. ಒಂದು ಹಗಲು, ಒಂದು ರಾತ್ರಿ ಕಳೆದ ಮೇಲೆ ಮೊದಲು ಕಣ್ಣಿಗೆ ಬೀಳುವುದು ನೆಲವಲ್ಲ, ತೆಂಗಿನ ಸುಳಿ. ಹವಳದ ದಂಡೆ ಅಡ್ಡವಿರುವುದರಿಂದ ಹಡಗು ಆಚೆಯೇ ನಿಲ್ಲುತ್ತದೆ. ಅಕ್ಕಿ ಮೂಟೆ, ಇಂಧನದ ಪೀಪಾಯಿ, ಆಸ್ಪತ್ರೆಗೆ ಹೋಗಿಬಂದ ಅಜ್ಜಿ, ಎಲ್ಲರೂ ಸಣ್ಣ ದೋಣಿಗಿಳಿದು ಅಲೆ ನೋಡಿಕೊಂಡೇ ದಡ ಮುಟ್ಟಬೇಕು.

ಅತಾಫು, ನುಕುನೋನು, ಫಕಾವೊಫೊ. ಮೂರು ಹವಳದ್ವೀಪ, ಒಟ್ಟು ಹತ್ತು ಹನ್ನೆರಡು ಚದರ ಕಿ.ಮೀ. ನೆಲ, 1,500ರ ಆಸುಪಾಸು ಜನ. 1926ರಿಂದ ಇದು ನ್ಯೂಜಿಲೆಂಡಿನ ಸುಪರ್ದಿನಲ್ಲಿದೆ. ಆದರೆ ಊರು ನಡೆಸುವವರು ಆಯಾ ದ್ವೀಪದ ಹಿರಿಯರ ಮಂಡಳಿಯವರೇ. ರಾಜಧಾನಿ ಎಂಬುದೇ ಇಲ್ಲ. ಮೂರು ದ್ವೀಪಗಳ ಮುಖಂಡರು ವರ್ಷಕ್ಕೊಬ್ಬರಂತೆ ಸರದಿಯಲ್ಲಿ ‘ಉಲು’ ಆಗುತ್ತಾರೆ, ಅಂದರೆ ತಲೆಯಾಳು. ಉಲು ಯಾವ ದ್ವೀಪದವರೋ ಆ ವರ್ಷದ ದರ್ಬಾರು ಅಲ್ಲಿ.

ನನಗೆ ಹಿಡಿಸಿದ್ದು ದರ್ಬಾರಿಗಿಂತ ‘ಇನಾಟಿ’. ಊರವರು ಒಟ್ಟಾಗಿ ಹಿಡಿದ ಮೀನನ್ನು ಯಾರೂ ನೇರ ಮನೆಗೆ ಒಯ್ಯುವಂತಿಲ್ಲ. ಎಲ್ಲವನ್ನೂ ಒಂದೆಡೆ ಸುರಿಯುತ್ತಾರೆ. ಹಂಚುವ ಹೊಣೆಯವರು ಕುಟುಂಬಗಳ ತಲೆಲೆಕ್ಕ ಹಾಕಿ ಗುಡ್ಡೆ ಗುಡ್ಡೆಯಾಗಿ ಪಾಲಿಡುತ್ತಾರೆ. ಕಡಲಿಗೆ ಇಳಿಯಲಾರದ ಮುದುಕಿಗೂ ಪಾಲುಂಟು, ಎಳೆಗೂಸಿಗೂ ಉಂಟು. ಬಲೆ ಎಳೆದವರು ಯಾರೆಂದು ಗುಡ್ಡೆ ಕೇಳುವುದಿಲ್ಲ.

ಇಂಥವರಿಗೆ ಸ್ವಂತ ಸರ್ಕಾರ ಬೇಕೇ ಎಂದು 2006ರಲ್ಲಿ ಕೇಳಲಾಯಿತು. ಮತಪೆಟ್ಟಿಗೆ ಹಡಗಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಯಿತು. ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು, ಬಿದ್ದದ್ದು ಶೇ 60. ಮರುವರ್ಷ ಅಕ್ಟೋಬರಿನಲ್ಲಿ ಮತ್ತೆ ಕೇಳಿದರು. ಈ ಸಲ 16 ಮತ ಸಾಲಲಿಲ್ಲ! ವಸಾಹತುಗಳ ಪಟ್ಟಿಯಿಂದ ಒಂದು ಹೆಸರು ಹೊಡೆಯಲು ಕಾದಿದ್ದ ವಿಶ್ವಸಂಸ್ಥೆಗೆ ನಿರಾಸೆಯಾಯಿತು. ದ್ವೀಪದಲ್ಲಿರುವವರಿಗಿಂತ ಎಷ್ಟೋ ಪಟ್ಟು ಹೆಚ್ಚು ತೊಕೆಲಾವ್ ಜನ ನ್ಯೂಜಿಲೆಂಡಿನಲ್ಲೇ ನೆಲೆಸಿದ್ದಾರೆ, ಅವರಿಗೆ ಮತವಿರಲಿಲ್ಲ. ಮಕ್ಕಳು ಮೊಮ್ಮಕ್ಕಳೆಲ್ಲ ಅಲ್ಲಿರುವಾಗ ಆ ನಂಟನ್ನು ಸಡಿಲಿಸಲು ಇಲ್ಲಿನವರು ಹಿಂಜರಿದರೆ ಅದನ್ನು ಗುಲಾಮಗಿರಿ ಎನ್ನಲು ನನಗಂತೂ ಬಾಯಿ ಬಾರದು.

ಹಾಗೆಂದು ಬದಲಾವಣೆಗೆ ಹೆದರುವ ಜನವಲ್ಲ. ಸಮೋವಾದ ಜೊತೆಗೇ ದಿನಾಂಕ ರೇಖೆ ದಾಟಲು 2011ರ ಡಿಸೆಂಬರ್ 30ನ್ನು ಪಂಚಾಂಗದಿಂದಲೇ ಬಿಟ್ಟರು. ಮರುವರ್ಷ ಮೂರೂ ದ್ವೀಪಗಳಲ್ಲಿ ಸೌರಫಲಕ ನಿಂತವು. ಅವೂ ಬಂದದ್ದು ಹಡಗಿನಿಂದ ದೋಣಿಗೆ, ದೋಣಿಯಿಂದ ದಡಕ್ಕೆ, ಅಲೆ ನೋಡಿಕೊಂಡೇ.